ಭಯಾನಕ ಕಥೆಯಲ್ಲಿ ದೇಶಕಾಲಗಳ ಪಾತ್ರ

ಭಯಾನಕ ಕಥೆಯೆಂದೊಡನೆ ಭೂತಪ್ರೇತಗಳು ನೆನಪಾಗುವುದು ಸಹಜ. ಆದರೆ ಓದುಗನನ್ನು ಅಂಜಿಸುವುದು ಭೂತಕ್ಕಿಂತ ಮಿಗಿಲಾಗಿ ಅದು ಇರಬಹುದಾದ ಎಡೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯಾನಕ ರಸದ ವಿಭಾವಗಳನ್ನು ಹೇಳುವಾಗ ವಿಕೃತ ಧ್ವನಿ, ನರಿ, ಗೂಗೆಗಳೊಡನೆ ಬರಿದಾದ ಮನೆಯನ್ನೂ ಅರಣ್ಯವನ್ನೂ ಎಣಿಸಿದ್ದಾನೆ. ಅಂಜಿಕೆಗೆ ಕಾರಣವಾದ ವಸ್ತು ಆಲಂಬನ. ಆ ಅಂಜಿಕೆಯನ್ನು ಬೆಳೆಸುವ ದೇಶ, ಕಾಲ, ಸದ್ದುಗಳು ಉದ್ದೀಪನ.

ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ವನ್ನು ನೋಡಿರಿ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ದುರ್ಯೋಧನನು ಸಂಜಯನೊಡನೆ ರಣಭೂಮಿಯನ್ನು ನಡೆದೇ ದಾಟಬೇಕು. ಕವಿಯು ಆ ನೆಲವನ್ನು ದೂರ ನಿಂತು ಬಣ್ಣಿಸದೆ, ಅರಸನ ಹೆಜ್ಜೆಹೆಜ್ಜೆಗೂ ಕಾಣಿಸುತ್ತಾನೆ. ಹೆಣಗಳ ನಡುವೆ ಕಾಲಿಡಲು ಎಡೆಯಿಲ್ಲ. ಮರುಳೊಂದು ಅವನನ್ನೇ ಹಂಗಿಸುತ್ತದೆ. ಮುಂದೆ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳು. ಆ ಘೋರಸ್ಥಳ ಅವನ ಛಲದಿಂದಲೇ ಆದುದು. ಅಲ್ಲಿ ನೆಲವೇ ಸಾಕ್ಷಿ ನುಡಿಯುತ್ತದೆ.

1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯ ಮಾರ್ಗ ಬೇರೆ. ಚಂಡಮಾರಿಯ ಬಲಿಯ ಜಾತ್ರೆ ನಡೆಯುವುದು ವಸಂತದಲ್ಲಿ. ಹೂಚಿಗುರಿನ ಚೆಲುವಿನ ಪಕ್ಕದಲ್ಲಿಯೇ ಕೊಲೆಯ ಸಿದ್ಧತೆ ಇರುವುದರಿಂದ ಭಯ ಇಮ್ಮಡಿಸುತ್ತದೆ. ಆ ಗುಡಿಯೊಳಕ್ಕೆ ಬಲಿಯಾಗಲು ಬಂದ ಅಭಯರುಚಿ, ಅಭಯಮತಿಯರು ಮಾತ್ರ ನಿರ್ಭಯರು. ಸುತ್ತಲಿನ ಭೀಕರತೆಯೇ ಅವರ ಧೈರ್ಯಕ್ಕೆ ಒರೆಗಲ್ಲು.

ಇವೆರಡೂ ದೀರ್ಘ ಕಾವ್ಯಗಳು. ಸಣ್ಣಕಥೆಗೆ ಅಷ್ಟು ಅವಕಾಶವಿಲ್ಲ. ಆದರೆ ನಿಯಮ ಒಂದೇ. ಸ್ಥಳವನ್ನು ಮೊದಲೇ ಪೂರ್ತಿ ವರ್ಣಿಸದೆ, ಪಾತ್ರದ ಕಣ್ಣುಕಿವಿಗಳಿಗೆ ಎಟುಕಿದಷ್ಟನ್ನೇ ಹೇಳಬೇಕು. ಪರಿಚಿತವಾದುದರಲ್ಲಿ ಒಂದೇ ಒಂದು ವ್ಯತ್ಯಾಸ ತೋರಿದರೆ ಸಾಕು.

ನಮ್ಮ ವಿದ್ಯಾರ್ಥಿಗಳು ಇಂಥ ಕಥೆ ಬರೆಯುವಾಗ ತಾವು ಕಾಣದ ಪಾಳುಕೋಟೆಗಳನ್ನು ಹುಡುಕಬೇಕಾಗಿಲ್ಲ. ಚಿಂಚೋಳಿಯ ಕಾಡಿದೆ, ಮುಲ್ಲಾಮಾರಿಯ ದಡವಿದೆ, ಊರ ಸುತ್ತ ತೊಗರಿಯ ಹೊಲಗಳಿವೆ. ಕೊಯ್ಲಿಗೆ ಬಂದ ಹೊಲದಲ್ಲಿ ಒಣಗಿದ ಕಾಯಿಗಳು ಗಾಳಿಗೆ ಗಿಲಗಿಲನೆ ಸದ್ದುಮಾಡುವುದನ್ನು ಇಲ್ಲಿಯ ಪ್ರತಿಯೊಂದು ಮಗುವೂ ಕೇಳಿದೆ. ಇರುಳಿನಲ್ಲಿ ಒಬ್ಬನು ಆ ದಾರಿಯಾಗಿ ಬರುತ್ತಿದ್ದಾನೆ, ಗಾಳಿ ನಿಂತಿದೆ, ಆದರೂ ಒಂದು ಸಾಲಿನಲ್ಲಿ ಮಾತ್ರ ಸದ್ದು ಮುಂದುವರಿದಿದೆ ಎಂದು ಬರೆದರೆ ಭೂತದ ಹೆಸರನ್ನೇ ಎತ್ತಬೇಕಾಗಿಲ್ಲ. ತನ್ನ ನೆಲವನ್ನು ಗಮನವಿಟ್ಟು ನೋಡಿದ, ಕೇಳಿದ ಬಾಲಕನಿಗೆ ಮಾತ್ರ ಆ ವಾಕ್ಯ ದೊರೆಯುತ್ತದೆ. ಅಧ್ಯಾಪಕರು ಮೊದಲು ಕಲಿಸಬೇಕಾದುದು ಆ ಗಮನವನ್ನು.