ಹೀಲಿಯಂ ಬುರುಡೆಗೆ ಪಾಳಿ ಕಾವಲು

ಅದೊಂದು ಗಾಜಿನ ಕೊಳವೆ. ಉದ್ದ 40 ಸೆಂಟಿಮೀಟರ್, ಒಂದು ಮೊಳಕ್ಕೆ ತುಸು ಕಡಿಮೆ. ಕೊಳವೆಯ ನಡುವಿನಿಂದ ಮೇಲಕ್ಕೊಂದು ಸಣ್ಣ ಕುತ್ತಿಗೆ, ಕುತ್ತಿಗೆಯ ತುದಿಯಲ್ಲಿ ದುಂಡನೆಯ ಗಾಜಿನ ಬುರುಡೆ. ಒಳಗಿರುವುದು ಹೀಲಿಯಂ-3 ಅನಿಲ, ನಮ್ಮ ಸುತ್ತಲಿನ ಗಾಳಿಯ ಹತ್ತು ಪಟ್ಟಿನಷ್ಟು ಒತ್ತಡದಲ್ಲಿ. ಕೊಳವೆಯ ಎರಡೂ ತುದಿಗಳಲ್ಲಿ ಗಾಜು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ ದಪ್ಪ. ಎಲೆಕ್ಟ್ರಾನ್ ಕಿರಣ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬೀಳಬೇಕು. ಗಾಜು ದಪ್ಪವಿದ್ದಷ್ಟೂ ಎಲೆಕ್ಟ್ರಾನುಗಳು ಹೀಲಿಯಮ್ಮಿನ ಬದಲು ಗಾಜಿಗೇ ಬಡಿದು ಅಳತೆಯನ್ನು ಕೆಡಿಸುತ್ತವೆ.

ಅಮೆರಿಕದ ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ನಗರದಲ್ಲಿರುವ ಜೆಫರ್ಸನ್ ಲ್ಯಾಬಿನಲ್ಲಿ 1998ರಿಂದ ಇಂಥ ಕೊಳವೆಗಳನ್ನು ಎಲೆಕ್ಟ್ರಾನ್ ಕಿರಣಕ್ಕೆ ಗುರಿಯಾಗಿ ಇಡುತ್ತ ಬಂದಿದ್ದಾರೆ. ಕಿರಣ ಹರಿಯುತ್ತಿರುವಾಗ ಗುರಿಯನ್ನಿಟ್ಟ ಹಜಾರದೊಳಗೆ ಮನುಷ್ಯರು ಕಾಲಿಡುವಂತಿಲ್ಲ, ವಿಕಿರಣ ಅಷ್ಟಿರುತ್ತದೆ. ಹಾಗಾಗಿ ಗುರಿಯ ಆರೈಕೆಯೆಲ್ಲ ದೂರದಿಂದಲೇ. ಹೊರಗಿನ ಕಟ್ಟಡವೊಂದರಲ್ಲಿ ಎಂಟು ಗಂಟೆಯ ಪಾಳಿಗಳಲ್ಲಿ, ಹಗಲೂ ರಾತ್ರಿಯೂ ಒಬ್ಬರು ಕಂಪ್ಯೂಟರ್ ಪರದೆಗಳ ಮುಂದೆ ಕೂತಿರುತ್ತಾರೆ. ಅವರನ್ನು ಟಾರ್ಗೆಟ್ ಆಪರೇಟರ್ ಎನ್ನುತ್ತಾರೆ. ಅನೇಕ ಸಲ ಅವರು ಪಿಎಚ್‌.ಡಿ. ಮಾಡುತ್ತಿರುವ ವಿದ್ಯಾರ್ಥಿಗಳು. ಬಂದ ಫಲಿತಾಂಶದ ಮೇಲೆ ಪ್ರಬಂಧ ಬರೆಯುವವರ ಹೆಸರು ನಮಗೆ ಸಿಗುತ್ತದೆ. ರಾತ್ರಿ ಮೂರು ಗಂಟೆಗೆ ಆ ಅನಿಲವನ್ನು ಹದದಲ್ಲಿಟ್ಟವರ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕೆಲಸದ ನಾಜೂಕು ತಿಳಿದವರಿಗೆ ಅಂಥ ಪ್ರಯೋಗಗಳ ಬಗ್ಗೆ ಬೇರೆಯದೇ ಗೌರವ ಹುಟ್ಟುತ್ತದೆ.

ಹದದಲ್ಲಿಡಬೇಕಾದದ್ದು ಸ್ಪಿನ್ ಅನ್ನು. ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನುಗಳಿಗೆಲ್ಲ ಹುಟ್ಟಿನಿಂದಲೇ ಒಂದು ಗಿರಕಿಯ ಗುಣವಿದೆ, ಅದಕ್ಕೊಂದು ದಿಕ್ಕೂ ಇದೆ. 1988ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ತಂಡವೊಂದು, ಪ್ರೋಟಾನಿನ ಸ್ಪಿನ್‌ನಲ್ಲಿ ಅದರೊಳಗಿನ ಕ್ವಾರ್ಕ್‌ಗಳ ಸ್ಪಿನ್ನಿನ ಪಾಲು ತೀರಾ ಕಡಿಮೆ ಎಂದು ಪ್ರಕಟಿಸಿ ಭೌತವಿಜ್ಞಾನಿಗಳನ್ನು ಬೆಚ್ಚಿಬೀಳಿಸಿತು. ಇಂದಿನ ಲೆಕ್ಕದಲ್ಲಿ ಆ ಪಾಲು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಎಲ್ಲಿಂದ ಬರುತ್ತದೆ ಎಂದು ಬಿಡಿಸಲು ಪ್ರೋಟಾನನ್ನು ನೋಡಿದರೆ ಸಾಲದು, ನ್ಯೂಟ್ರಾನನ್ನೂ ನೋಡಬೇಕು. ಆದರೆ ಬಿಡಿ ನ್ಯೂಟ್ರಾನು ಸರಾಸರಿ 15 ನಿಮಿಷದೊಳಗೆ ಶಿಥಿಲವಾಗುತ್ತದೆ, ಅದನ್ನು ಕೊಳವೆಯಲ್ಲಿ ತುಂಬಿಡುವಂತಿಲ್ಲ. ಹೀಲಿಯಂ-3 ಇಲ್ಲಿ ನೆರವಿಗೆ ಬರುತ್ತದೆ. ಅದರ ನ್ಯೂಕ್ಲಿಯಸ್ಸಿನಲ್ಲಿ ಎರಡು ಪ್ರೋಟಾನು, ಒಂದು ನ್ಯೂಟ್ರಾನು. ಪ್ರೋಟಾನುಗಳೆರಡೂ ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿ ತಮ್ಮ ಸ್ಪಿನ್ ಅನ್ನು ರದ್ದು ಮಾಡಿಕೊಳ್ಳುತ್ತವೆ. ಹೀಗಾಗಿ ನ್ಯೂಕ್ಲಿಯಸ್ಸಿನ ಸ್ಪಿನ್ನಿನ ಶೇಕಡಾ 87ರಷ್ಟು ನ್ಯೂಟ್ರಾನಿನದ್ದೇ ಆಗಿರುತ್ತದೆ. ಹೀಲಿಯಂ-3 ನ್ಯೂಕ್ಲಿಯಸ್ಸುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ ನ್ಯೂಟ್ರಾನುಗಳನ್ನು ನಿಲ್ಲಿಸಿದ ಹಾಗೆಯೇ. ಹೀಗೆ ನಿಲ್ಲಿಸುವುದಕ್ಕೆ ಧ್ರುವೀಕರಣ ಎಂದು ಹೆಸರು.

ನಿಲ್ಲಿಸುವುದು ಸುಲಭವಲ್ಲ. ಕೊಳವೆಯ ಸುತ್ತ ದೊಡ್ಡ ತಂತಿಸುರುಳಿಗಳಿಂದ 25 ಗಾಸ್‌ನಷ್ಟು ಕಾಂತಕ್ಷೇತ್ರ ಕೊಟ್ಟಿರುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಅಷ್ಟೇ ಕೊಟ್ಟು ಬಿಟ್ಟರೆ, ನೂರು ಕೋಟಿ ನ್ಯೂಕ್ಲಿಯಸ್ಸುಗಳಲ್ಲಿ ಒಂದು ದಿಕ್ಕಿಗೆ ಹೆಚ್ಚಾಗಿ ನಿಲ್ಲುವವು ಆರೇಳು ಮಾತ್ರ. ಪ್ರಯೋಗಕ್ಕೆ ಬೇಕಾದದ್ದು ನೂರಕ್ಕೆ ಐವತ್ತು. ಈ ಅಂತರವನ್ನು ತುಂಬುವುದು ಲೇಸರ್ ಬೆಳಕು ಮತ್ತು ಕ್ಷಾರ ಲೋಹಗಳ ಆವಿ.

ಮೇಲಿನ ಬುರುಡೆಯಲ್ಲಿ ಹೀಲಿಯಂ ಜೊತೆಗೆ ಒಂದಿಷ್ಟು ರುಬಿಡಿಯಂ ಮತ್ತು ಪೊಟ್ಯಾಸಿಯಂ, ತುಸು ನೈಟ್ರೋಜನ್ ಇರುತ್ತವೆ. ಬುರುಡೆಯನ್ನೊಂದು ಒಲೆಯೊಳಗಿಟ್ಟು ಬಿಸಿಗಾಳಿ ಹಾಯಿಸಿ ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಲೋಹಗಳು ಆವಿಯಾಗುತ್ತವೆ. ಅದರ ಮೇಲೆ 795 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬೆಳಕನ್ನು, ವೃತ್ತಾಕಾರವಾಗಿ ಧ್ರುವೀಕರಿಸಿ ಬಿಡುತ್ತಾರೆ. ಬೆಳಕಿನ ತಿರುಗುಗುಣ ರುಬಿಡಿಯಂ ಪರಮಾಣುವಿನ ಎಲೆಕ್ಟ್ರಾನಿಗೆ ದಾಟುತ್ತದೆ. ಬೆಳಕಿನಿಂದ ಪರಮಾಣುಗಳನ್ನು ಹೀಗೆ ಸಾಲುಗೊಳಿಸುವ ವಿಧಾನಕ್ಕಾಗಿಯೇ ಫ್ರಾನ್ಸಿನ ಆಲ್ಫ್ರೆಡ್ ಕಾಸ್ಲರ್ ಅವರಿಗೆ 1966ರ ನೊಬೆಲ್ ಬಂತು. ರುಬಿಡಿಯಂ ಆ ಗುಣವನ್ನು ಪೊಟ್ಯಾಸಿಯಮ್ಮಿಗೆ ಬೇಗನೆ ದಾಟಿಸುತ್ತದೆ. ಈ ಎರಡೂ ಹೀಲಿಯಮ್ಮಿನ ನ್ಯೂಕ್ಲಿಯಸ್ಸಿಗೆ ದಾಟಿಸುವುದು ಮಾತ್ರ ಬಲು ನಿಧಾನ. ಲೆಕ್ಕವಿಲ್ಲದಷ್ಟು ಸಲ ಡಿಕ್ಕಿಯಾದರೆ ಎಲ್ಲೋ ಒಮ್ಮೆ ಸ್ಪಿನ್ ಕೈಬದಲಾಗುತ್ತದೆ. ಇಡೀ ಕೊಳವೆ ತನ್ನ ಗರಿಷ್ಠಕ್ಕೆ ಏರಲು ಹಲವು ಗಂಟೆ ಹಿಡಿಯುತ್ತದೆ. ಹಾಲಿಗೆ ಹೆಪ್ಪು ಹಾಕಿದಂಥ ಕೆಲಸ ಇದು. ಬೆಚ್ಚಗೆ ಇಡಬೇಕು, ಹದ ಮೀರಬಾರದು, ಆಯಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಪಾತ್ರೆ ಅಲ್ಲಾಡಿಸಬಾರದು.

ಆಪರೇಟರಿನ ಎಲ್ಲ ಜಾಣ್ಮೆ ಇರುವುದು ಈ ಕೊನೆಯ ಮಾತಿನಲ್ಲಿ.

ಅವರ ಮುಂದಿನ ಪರದೆಯಲ್ಲಿ ಏನೇನಿದೆ ನೋಡೋಣ. ಬುರುಡೆಗೂ ಕೊಳವೆಗೂ ಅಂಟಿಸಿದ ಉಷ್ಣಮಾಪಕಗಳ ಅಂಕಿಗಳು. ಒಲೆಗೆ ಹೋಗುವ ಗಾಳಿಯ ಹರಿವು. ಗಾಳಿ ನಿಂತರೆ ಹೀಟರ್ ಉರಿಯಬಾರದು. ಒಂದೊಂದು ಲೇಸರಿನ ಸ್ಥಿತಿ. ಮೂರು ದಿಕ್ಕಿನ ತಂತಿಸುರುಳಿಗಳಲ್ಲಿ ಹರಿಯುವ ವಿದ್ಯುತ್ತು, ಅದರಿಂದ ಹುಟ್ಟಿದ ಕಾಂತಕ್ಷೇತ್ರದ ಬಲ ಮತ್ತು ದಿಕ್ಕು. ಕಿರಣದ ದಾರಿಯಲ್ಲಿ ಈಗ ಯಾವ ಗುರಿ ನಿಂತಿದೆ ಎಂಬ ಮಾಹಿತಿ. ಒಂದು ಏಣಿಯಂಥ ಚೌಕಟ್ಟಿನಲ್ಲಿ ಹೀಲಿಯಂ ಕೊಳವೆಯ ಜೊತೆ ಇಂಗಾಲದ ತೆಳುಹಾಳೆಗಳು, ಹೋಲಿಕೆಗಾಗಿ ಬೇರೆ ಅನಿಲ ತುಂಬುವ ಕೊಳವೆ ಎಲ್ಲವೂ ಇರುತ್ತವೆ; ಮೋಟಾರು ಅದನ್ನು ಮೇಲೆ ಕೆಳಗೆ ಜರುಗಿಸುತ್ತದೆ. ಜರುಗಿಸುವ ಮೊದಲು ವೇಗವರ್ಧಕದ ನಿಯಂತ್ರಣ ಕೊಠಡಿಗೆ ಹೇಳಿ ಕಿರಣ ನಿಲ್ಲಿಸಬೇಕು. ಚೌಕಟ್ಟು ಸರಿಯುವಾಗ ಕಿರಣ ಹರಿಯುತ್ತಿದ್ದರೆ ಅದು ಗಾಜಿನ ಗೋಡೆಯ ಮೇಲೆ ಬಿದ್ದೀತು.

ಇದನ್ನೆಲ್ಲ ಒಂದೆಡೆ ಕಟ್ಟಿರುವುದು ಎಪಿಕ್ಸ್ ಎಂಬ ತಂತ್ರಾಂಶ. ಅಮೆರಿಕದ ಲಾಸ್ ಅಲಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳು ಜೊತೆಗೂಡಿ ಬೆಳೆಸಿ, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟದ್ದು. ಇಂದು ದೂರದರ್ಶಕಗಳಲ್ಲೂ, ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ಇಟರ್ ಸಮ್ಮಿಳನ ರಿಯಾಕ್ಟರಿನಲ್ಲೂ ಅದು ಇದೆ. ಅದರಲ್ಲಿ ಪ್ರತಿಯೊಂದು ಅಳತೆಗೂ ತನ್ನದೇ ಹೆಸರು, ತನ್ನದೇ ಎಚ್ಚರಿಕೆಯ ಗೆರೆ. ಅಂಕಿ ಮಿತಿಯ ಹತ್ತಿರ ಬಂದರೆ ಹಳದಿ, ಮೀರಿದರೆ ಕೆಂಪು. ಸಂವೇದಕದ ಸಂಪರ್ಕವೇ ಕಡಿದರೆ ಆ ಅಂಕಣ ಬೆಳ್ಳಗಾಗುತ್ತದೆ. ನನ್ನ ಮಟ್ಟಿಗೆ ಈ ಬಿಳಿ ಬಣ್ಣವೇ ಎಲ್ಲಕ್ಕಿಂತ ದೊಡ್ಡ ಉಪಕಾರ. ಹತ್ತು ನಿಮಿಷ ಹಿಂದೆ ಸತ್ತ ಉಷ್ಣಮಾಪಕವೊಂದು ತನ್ನ ಕೊನೆಯ ಅಂಕಿಯನ್ನೇ ತೋರಿಸುತ್ತ ನಿಂತಿದ್ದರೆ ಪಾಳಿಯವರಿಗೆ ಅದಕ್ಕಿಂತ ಅಪಾಯದ ಸುಳ್ಳಿಲ್ಲ.

ಇಷ್ಟು ಅಂಕಿಗಳಿದ್ದರೂ ನಿಜವಾಗಿ ಬೇಕಾದ ಒಂದು ಅಂಕಿ, ಹೀಲಿಯಂ ಎಷ್ಟು ಧ್ರುವೀಕೃತವಾಗಿದೆ ಎಂಬುದು, ಪರದೆಯಲ್ಲಿ ಸದಾ ಓಡುತ್ತಿರುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಕೇಳುವ ವಿಧಾನ ನ್ಯೂಕ್ಲಿಯರ್ ಕಾಂತೀಯ ಅನುರಣನ, ಆಸ್ಪತ್ರೆಯ ಎಂಆರ್‌ಐ ಯಂತ್ರದ ಮೂಲತತ್ವವೇ. ಕೊಳವೆಗೆ 91 ಕಿಲೋಹರ್ಟ್ಸ್ ರೇಡಿಯೊ ತರಂಗ ಕೊಡುತ್ತ, ಕಾಂತಕ್ಷೇತ್ರವನ್ನು 25 ಗಾಸ್‌ನಿಂದ 32ಕ್ಕೆ ಕೆಲವೇ ಸೆಕೆಂಡುಗಳಲ್ಲಿ ಏರಿಸುತ್ತಾರೆ. 28ರ ಆಸುಪಾಸಿನಲ್ಲಿ ಹೀಲಿಯಂ ನ್ಯೂಕ್ಲಿಯಸ್ಸುಗಳ ಸಹಜ ಲಯ ರೇಡಿಯೊ ತರಂಗದ ಲಯಕ್ಕೆ ಕೂಡುತ್ತದೆ, ಸ್ಪಿನ್‌ಗಳೆಲ್ಲ ಒಟ್ಟಾಗಿ ಮಗುಚಿಕೊಳ್ಳುತ್ತವೆ. ಆ ಮಗುಚುವಿಕೆ ಪಕ್ಕದ ಪುಟ್ಟ ತಂತಿಸುರುಳಿಯಲ್ಲಿ ವಿದ್ಯುತ್ ಅಲೆಯಾಗಿ ಕಾಣಿಸುತ್ತದೆ. ಅಲೆ ಎತ್ತರವಾದಷ್ಟೂ ಧ್ರುವೀಕರಣ ಹೆಚ್ಚು. ಕ್ಷೇತ್ರವನ್ನು ಮರಳಿ 25ಕ್ಕೆ ಇಳಿಸಿದಾಗ ಸ್ಪಿನ್‌ಗಳೂ ಮರಳಿ ಮಗುಚಿ ಮೊದಲಿನಂತೆ ನಿಲ್ಲುತ್ತವೆ. ಏರಿಸುವ ವೇಗಕ್ಕೊಂದು ಮರ್ಯಾದೆ ಇದೆ. ಅವಸರ ಮಾಡಿದರೆ ಸ್ಪಿನ್‌ಗಳು ಕ್ಷೇತ್ರವನ್ನು ಹಿಂಬಾಲಿಸಲಾರವು, ತಡ ಮಾಡಿದರೆ ನಡುದಾರಿಯಲ್ಲೇ ಚದುರುತ್ತವೆ. ಎಲ್ಲ ಸರಿಯಾಗಿ ಮಾಡಿದಾಗಲೂ ಪ್ರತಿ ಸಲ ಇದ್ದ ಧ್ರುವೀಕರಣದಲ್ಲಿ ನೂರರಲ್ಲಿ ಒಂದು ಪಾಲೋ ಅದಕ್ಕೂ ಕಡಿಮೆಯೋ ಕರಗುತ್ತದೆ. ಅಳತೆಗೆ ಬೆಲೆ ತೆರಬೇಕು. ಪದೇ ಪದೇ ಅಳೆದರೆ ಅಳೆಯುವುದಕ್ಕೆ ಉಳಿಯುವುದೇ ಕಡಿಮೆ. ಅಳೆಯದೇ ಬಿಟ್ಟರೆ ಗಂಟೆಗಟ್ಟಲೆ ಸಂಗ್ರಹಿಸಿದ ದತ್ತಾಂಶಕ್ಕೆ ಅರ್ಥವಿಲ್ಲ.

ಅಲೆಯ ಎತ್ತರವನ್ನು ಶೇಕಡಾವಾರಿಗೆ ಇಳಿಸುವುದಕ್ಕೂ ಒಂದು ಮಾನದಂಡ ಬೇಕಲ್ಲ. ಅದಕ್ಕೆ ಅವರು ಅದೇ ಆಕಾರದ ಕೊಳವೆಯಲ್ಲಿ ಬರೀ ನೀರು ತುಂಬಿ ಅಳೆಯುತ್ತಾರೆ. ನೀರಿನ ಪ್ರೋಟಾನುಗಳನ್ನು ಯಾವ ಲೇಸರೂ ಸಾಲುಗೊಳಿಸಿಲ್ಲ, ಕಾಂತಕ್ಷೇತ್ರದಲ್ಲಿ ಅವು ಎಷ್ಟು ತಿರುಗುತ್ತವೆ ಎಂಬುದನ್ನು ಸೂತ್ರದಿಂದಲೇ ಲೆಕ್ಕ ಹಾಕಬಹುದು. ಅದರ ಅಲೆ ಎಷ್ಟು ಸಣ್ಣದೆಂದರೆ ಸಾವಿರಾರು ಸಲ ಅಳೆದು ಸರಾಸರಿ ತೆಗೆದರೇನೇ ಗದ್ದಲದಿಂದ ತಲೆ ಎತ್ತುವುದು. ಎರಡನೆಯದೊಂದು ಸ್ವತಂತ್ರ ದಾರಿಯೂ ಇದೆ. ಧ್ರುವೀಕೃತ ಹೀಲಿಯಮ್ಮಿಗೆ ತನ್ನದೇ ಆದ ಸೂಕ್ಷ್ಮ ಕಾಂತಕ್ಷೇತ್ರವಿದ್ದು, ಹೀಲಿಯಮ್ಮನ್ನು ಮಗುಚಿದಾಗ ಅಕ್ಕಪಕ್ಕದ ಕ್ಷಾರ ಲೋಹದ ಪರಮಾಣುಗಳ ಅನುರಣನ ಆವರ್ತನ ಅತ್ತಿತ್ತ ಸರಿಯುತ್ತದೆ. ಅದು ಎಷ್ಟು ಸರಿಯಿತು ಎಂಬುದರಿಂದ ಧ್ರುವೀಕರಣ ನೇರವಾಗಿ ಸಿಗುತ್ತದೆ. ಎರಡು ದಾರಿಗಳೂ ಒಂದೇ ಅಂಕಿಗೆ ಬಂದಾಗ ಮಾತ್ರ ನಂಬಿಕೆ ಗಟ್ಟಿಯಾಗುತ್ತದೆ.

2008-09ರ ಒಂದು ಪ್ರಯೋಗದಲ್ಲಿ ಗುರಿಯ ಸ್ಪಿನ್ ದಿಕ್ಕನ್ನು 20 ನಿಮಿಷಕ್ಕೊಮ್ಮೆ ತಿರುವಿಹಾಕಬೇಕಿತ್ತು. ಉಪಕರಣಗಳಲ್ಲಿ ಎಡಬಲ ಅಸಮತೋಲ ಏನೇ ಇರಲಿ, ದಿಕ್ಕು ಬದಲಿಸಿ ಅಳೆದಾಗ ಅದು ತಾನಾಗಿ ರದ್ದಾಗುತ್ತದೆ. ತಿರುವುವಾಗ ಹೀಲಿಯಂ ಒಂದನ್ನೇ ಮಗುಚಿದರೆ ಸಾಲದು. ಲೇಸರ್ ದಾರಿಯಲ್ಲಿರುವ ಕ್ವಾರ್ಟರ್ ವೇವ್‌ಪ್ಲೇಟ್ ಎಂಬ ತಟ್ಟೆಗಳನ್ನು ಮೋಟಾರು ಅದೇ ಹೊತ್ತಿಗೆ 90 ಡಿಗ್ರಿ ತಿರುಗಿಸಬೇಕು. ತಿರುಗಿಸದಿದ್ದರೆ ಲೇಸರ್ ಬೆಳಕು ಹಳೆಯ ದಿಕ್ಕಿಗೇ ದೂಡುತ್ತ, ಗಂಟೆಗಟ್ಟಲೆ ಕೂಡಿಸಿದ್ದನ್ನು ತಾನೇ ಅಳಿಸುತ್ತ ಹೋಗುತ್ತದೆ. ಇಂಥ ಕೆಲಸವನ್ನು ಕಂಪ್ಯೂಟರಿಗೇ ಬಿಡಬೇಕು. ಹಗಲೂ ರಾತ್ರಿ 20 ನಿಮಿಷಕ್ಕೊಮ್ಮೆ ಒಂದೇ ಕ್ರಮದಲ್ಲಿ, ಒಂದೂ ಹೆಜ್ಜೆ ತಪ್ಪದೆ ಮಾಡಲು ದಣಿದ ಮನುಷ್ಯನಿಂದಾಗದು. ಚೆಂದವೆಂದರೆ, ಪ್ರತಿ ತಿರುವೂ ಒಂದು ಅಳತೆಯೂ ಆಯಿತು. ಹೇಗಿದ್ದರೂ ತೆರಬೇಕಿದ್ದ ಬೆಲೆಗೆ ಎರಡು ಕೆಲಸ.

ಮನುಷ್ಯರಿಗೆ ಉಳಿದದ್ದು ಗುರುತಿಸುವ ಕೆಲಸ. ಅಲೆಯ ಎತ್ತರ ಮೆಲ್ಲಗೆ ಇಳಿಯುತ್ತಿದೆ ಎನ್ನಿ. ಲೇಸರ್ ಒಂದು ಆರಿದೆಯೋ? ಒಲೆ ತಣ್ಣಗಾಗಿ ಆವಿ ತೆಳುವಾಯಿತೋ? ಚದುರಿದ ಎಲೆಕ್ಟ್ರಾನುಗಳನ್ನು ಅಳೆಯುವ ಪಕ್ಕದ ರೋಹಿತಮಾಪಕದ ಭಾರಿ ಅಯಸ್ಕಾಂತದ ಬಲ ಬದಲಾಗಿ ಅದರ ಕ್ಷೇತ್ರ ಇಲ್ಲಿಗೂ ಚಾಚಿ ಸಮತೆ ಕೆಟ್ಟಿತೋ? ಕಿರಣ ಹೆಚ್ಚಿಸಿದ್ದರಿಂದ ಅನಿಲ ಅಯಾನೀಕರಣಗೊಂಡು ಸ್ಪಿನ್ ಚದುರಿತೋ? ಎಲ್ಲಕ್ಕೂ ಪರದೆಯ ಮೇಲೆ ಕಾಣುವ ರೋಗಲಕ್ಷಣ ಒಂದೇ. ಕೆಲವೊಮ್ಮೆ ಧ್ರುವೀಕರಣ ಚೆನ್ನಾಗಿ ಏರಿರುವುದೇ ಕಾರಣವಾಗುವುದೂ ಉಂಟು: ಶಕ್ತಿ ಹೆಚ್ಚಿರುವ ದಿಕ್ಕಿಗೆ ಸಾಲುಗೊಂಡ ಸ್ಪಿನ್‌ಗಳು ಹತ್ತಿರದ ಸುರುಳಿಗಳ ಜೊತೆ ಲಯ ಕೂಡಿಸಿಕೊಂಡು ಒಟ್ಟಾಗಿ ಕುಸಿಯುತ್ತವೆ. ಮೇಸಿಂಗ್ ಎಂದು ಕರೆಯುವ ಈ ಕುಸಿತವನ್ನು ತಡೆಯಲು, ಬೇರೆ ಸಮಯದಲ್ಲಿ ಬೇಡವೆಂದು ದೂರವಿಡುವ ಕ್ಷೇತ್ರದ ಏರುಪೇರನ್ನೇ ತುಸು ಬೇಕೆಂದು ಸೇರಿಸುತ್ತಾರೆ. ಇನ್ನು ಕೊಳವೆ ಒಡೆಯುವುದೂ ಉಂಟು. ಅಷ್ಟು ಒತ್ತಡ, ಅಷ್ಟು ತೆಳು ಗಾಜು, ಅದರ ಮೇಲೆ ದಿನಗಟ್ಟಲೆ ವಿಕಿರಣ. ಒಡೆದರೆ ಅನಿಲ ಹೋಯಿತು. ನೈಸರ್ಗಿಕ ಹೀಲಿಯಮ್ಮಿನಲ್ಲಿ ಹೀಲಿಯಂ-3 ಲವಲೇಶ ಮಾತ್ರ. ಬಳಕೆಗೆ ಸಿಗುವುದು ಬಹುಪಾಲು ಟ್ರೀಷಿಯಂ ಕ್ಷಯಿಸಿ ಹುಟ್ಟಿದ್ದು. ಶ್ವಾಸಕೋಶದ ಎಂಆರ್‌ಐಗೆ ಮೊದಲು ಧ್ರುವೀಕೃತ ಹೀಲಿಯಂ-3 ಬಳಸುತ್ತಿದ್ದವರು ಈ ಕೊರತೆಯಿಂದಲೇ ಕ್ಸೆನಾನ್-129ರ ಕಡೆ ಹೊರಳಿದರು.

ಇಷ್ಟು ಎಚ್ಚರ ಏಕೆಂದರೆ, ಪ್ರಯೋಗದ ಕೊನೆಯ ಲೆಕ್ಕದಲ್ಲಿ ಧ್ರುವೀಕರಣ ಕೂರುವುದು ಭಾಗಿಸುವ ಜಾಗದಲ್ಲಿ. ಸ್ಪಿನ್ ಈ ದಿಕ್ಕಿಗಿದ್ದಾಗ ಎಷ್ಟು ಎಲೆಕ್ಟ್ರಾನು ಚದುರಿದವು, ಆ ದಿಕ್ಕಿಗಿದ್ದಾಗ ಎಷ್ಟು ಎಂಬ ಸಣ್ಣ ವ್ಯತ್ಯಾಸವನ್ನು ಧ್ರುವೀಕರಣದಿಂದ ಭಾಗಿಸಿ ನ್ಯೂಟ್ರಾನಿನ ಗುಣ ತಿಳಿಯುತ್ತಾರೆ. ಅದರಲ್ಲಿ ನೂರಕ್ಕೆ ಐದರ ತಪ್ಪಾದರೆ ಉತ್ತರದಲ್ಲೂ ಅಷ್ಟೇ ತಪ್ಪು. ಎಷ್ಟು ತಿಂಗಳು ಕಿರಣ ಹರಿಸಿದರೂ ಅದು ಕಡಿಮೆಯಾಗದು.

1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದ ಇಂಥದ್ದೇ ಗುರಿಯಲ್ಲಿ ಧ್ರುವೀಕರಣ ಶೇಕಡಾ 33ರ ಆಸುಪಾಸಿನಲ್ಲಿತ್ತು. 2020ರಲ್ಲಿ ಜೆಫರ್ಸನ್ ಲ್ಯಾಬಿನವರು 30 ಮೈಕ್ರೊಆಂಪಿಯರ್ ಕಿರಣದ ಹೊಡೆತದಲ್ಲೂ ಅದನ್ನು 50ರ ಸುತ್ತ ಹಿಡಿದಿಟ್ಟರು. ಅದಕ್ಕೆ ಗಾಜಿನ ಆಕಾರವೇ ಬದಲಾಗಿತ್ತು. ಹಿಂದಿನ ಒಂದೇ ಕುತ್ತಿಗೆಯಲ್ಲಿ ಬುರುಡೆಯ ಧ್ರುವೀಕೃತ ಅನಿಲ ಕೆಳಗಿನ ಕೊಳವೆಗೆ ತಾನಾಗಿ ಬೆರೆತು ಇಳಿಯಬೇಕಿತ್ತು, ಅಷ್ಟರಲ್ಲಿ ಕೆಳಗೆ ಕಿರಣ ಅದನ್ನು ಕೆಡಿಸುತ್ತಿತ್ತು. ಹೊಸದರಲ್ಲಿ ಎರಡು ಕುತ್ತಿಗೆಗಳಿವೆ. ಒಂದನ್ನು ಬಿಸಿ ಮಾಡಿದರೆ ಅದರಲ್ಲಿ ಅನಿಲ ಮೇಲೇರುತ್ತದೆ, ಇನ್ನೊಂದರಲ್ಲಿ ಕೆಳಗಿಳಿಯುತ್ತದೆ, ಹೀಗೆ ಸುತ್ತುತ್ತಲೇ ಇರುತ್ತದೆ. ಪರದೆಯ ಮೇಲೆ ಹೊಸದೊಂದು ಹೀಟರು, ಅದರ ಹೊಸ ಅಂಕಿ ಬಂದವು. ಅನಿಲ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ಅಳೆಯಲು ಆ ವಿನ್ಯಾಸ ರೂಪಿಸಿದವರು ಕಂಡುಕೊಂಡ ದಾರಿ ಇದು: ಕುತ್ತಿಗೆಗೆ ಸುತ್ತಿದ ಸಣ್ಣ ಸುರುಳಿಯಿಂದ ರೇಡಿಯೊ ತರಂಗ ಕೊಟ್ಟು, ಹಾದುಹೋಗುವ ಅನಿಲದ ಒಂದು ತುಣುಕಿನ ಧ್ರುವೀಕರಣವನ್ನು ಬೇಕೆಂದೇ ಕೆಡಿಸುತ್ತಾರೆ, ಆಮೇಲೆ ಆ ಕೆಟ್ಟ ತುಣುಕು ಕೆಳಗಿನ ಕೊಳವೆಯುದ್ದಕ್ಕೂ ಇಟ್ಟ ಸುರುಳಿಗಳನ್ನು ಒಂದೊಂದಾಗಿ ದಾಟುವ ಹೊತ್ತನ್ನು ಗುರುತು ಹಾಕಿಕೊಳ್ಳುತ್ತಾರೆ.