ವಾರ ಕಳೆದರೆ ಚಟ ಹೋಯಿತೇ?

‘ಒಂದು ವಾರ ರೂಮಿನಲ್ಲಿ ಕೂಡಿಹಾಕಿ, ತಾನಾಗೇ ದಾರಿಗೆ ಬರ್ತಾನೆ.’ ಹೆರಾಯಿನ್‌ಗೋ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಗೋ ಬಿದ್ದ ಹುಡುಗನ ಮನೆಯವರಿಗೆ ನೆಂಟರು ಕೊಡುವ ಸಲಹೆ ಇದು. ಹುಡುಗನ ಜೀವಕ್ಕೇ ಕುತ್ತಾಗಬಲ್ಲ ಸಲಹೆಯೂ ಹೌದು.

ಬಿಟ್ಟಾಗಿನ ನರಳಾಟ ನಾಟಕವಲ್ಲ. ಇಂಥ ಅಫೀಮು ಜಾತಿಯ ಮದ್ದು ಮಿದುಳುಕಾಂಡದ ನಾರ್‌ಅಡ್ರಿನಾಲಿನ್ ಕೇಂದ್ರವನ್ನು ದಿನವೂ ಅದುಮಿಡುತ್ತದೆ. ಅದಕ್ಕೆ ಎದುರಾಗಿ ಹೆಚ್ಚು ದುಡಿಯಲು ಕಲಿತ ಕೇಂದ್ರ, ಮದ್ದು ನಿಂತೊಡನೆ ಕೆರಳುತ್ತದೆ. ಹೆರಾಯಿನ್ ಆದರೆ ಕೊನೆಯ ಡೋಸಿನ 8ರಿಂದ 24 ಗಂಟೆಯೊಳಗೆ ಶುರು. ಮೊದಲು ಆಕಳಿಕೆ, ಮೂಗು-ಕಣ್ಣಲ್ಲಿ ನೀರು. ಆಮೇಲೆ ಮೈ ಜುಮ್ಮೆನ್ನುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೂಳೆ ಮೂಳೆಯೂ ನೋಯುತ್ತದೆ. ಮಲಗಿದರೆ ಕಾಲು ಜಾಡಿಸುತ್ತಲೇ ಇರಬೇಕೆನಿಸುತ್ತದೆ. ವಾಂತಿ, ಭೇದಿ, ನಿದ್ದೆಯಂತೂ ಇಲ್ಲ. 4ರಿಂದ 10 ದಿನ ಇದೇ ಪಾಡು.

‘ಇದರಿಂದ ಯಾರೂ ಸಾಯಲ್ಲ’ ಎನ್ನುವುದು ಅರೆಸತ್ಯ. ಕುಡಿತ ಬಿಟ್ಟಾಗ ಬರುವ ಫಿಟ್ಸ್‌ನಷ್ಟು ಅಪಾಯ ಇಲ್ಲಿಲ್ಲ, ಆದರೆ ವಾಂತಿ-ಭೇದಿಯಲ್ಲಿ ನೀರು, ಲವಣ ಬಸಿದುಹೋಗಿ ಸತ್ತವರಿದ್ದಾರೆ.

ದೊಡ್ಡ ಗಂಡಾಂತರ ಇರುವುದು ನರಳಾಟ ಮುಗಿದ ಮೇಲೆ. ‘ಕ್ಲೀನ್ ಆದ’ ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ಮದ್ದನ್ನು ತಾಳಿಕೊಳ್ಳುವ ದೇಹದ ಶಕ್ತಿ ಕುಸಿದಿರುತ್ತದೆ. ಚಪಲ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಹಳೆಯ ಗೆಳೆಯ ಸಿಕ್ಕ ಸಂಜೆ ಹಳೆಯ ಡೋಸನ್ನೇ ತೆಗೆದುಕೊಂಡರೆ ಉಸಿರು ನಿಧಾನವಾಗುತ್ತಾ ನಿಂತುಹೋಗಬಹುದು. ಜೈಲಿನಿಂದಲೋ ಡಿ-ಅಡಿಕ್ಷನ್ ಸೆಂಟರಿನಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಇಂಥ ಸಾವಿನ ಭಯ ಹೆಚ್ಚು.

ಈ ಚಟದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯ ಬಗ್ಗೆಯೂ ಒಂದು ಆಕ್ಷೇಪವಿದೆ: ‘ಬುಪ್ರೆನಾರ್ಫಿನ್ ಕೊಡೋದು ಅಂದ್ರೆ ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸೋದು.’ ದೇಹ ಅದಕ್ಕೂ ಒಗ್ಗಿಕೊಳ್ಳುತ್ತದೆ, ಸುಳ್ಳಲ್ಲ. (ಸಕ್ಕರೆ ಕಾಯಿಲೆಯವರಿಗೆ ವರ್ಷಾನುಗಟ್ಟಲೆ ಇನ್ಸುಲಿನ್ ಕೊಟ್ಟರೆ ಯಾರೂ ಹೀಗೆ ಮೂಗು ಮುರಿಯುವುದಿಲ್ಲ.) ನಾಲಿಗೆಯಡಿ ಇಟ್ಟುಕೊಳ್ಳುವ ಈ ಮಾತ್ರೆ ನರಳಾಟವನ್ನೂ ಚಪಲವನ್ನೂ ತಗ್ಗಿಸುತ್ತದೆ, ಒಂದು ಮಟ್ಟ ದಾಟಿದ ಮೇಲೆ ಡೋಸ್ ಏರಿದರೂ ಅದರ ಪರಿಣಾಮ ಅಷ್ಟಾಗಿ ಏರುವುದಿಲ್ಲ. ಇದೇ ಚಿಕಿತ್ಸೆಗೆ ಬಳಸುವ ಮೆಥಡೋನ್ ಜೊತೆ ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಶುರುಮಾಡುವುದಕ್ಕೆ ಹದವಿದೆ. ನರಳಾಟ ತಲೆದೋರುವ ಮೊದಲೇ ಕೊಟ್ಟರೆ, ಮಿದುಳಲ್ಲಿ ಕೂತ ಹೆರಾಯಿನನ್ನು ಅದು ಒಮ್ಮೆಲೇ ಎಬ್ಬಿಸಿ ತಾನು ಕೂರುತ್ತದೆ. ನರಳಾಟ ಅಲ್ಲೇ ಭುಗಿಲೇಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆ ಇದಲ್ಲ. ವೈದ್ಯರೇ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿ ಹೋಗಬೇಕೆಂದು ತೋಚದವರು ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಕೇಳಬಹುದು.