ಗಡಿಯವರೆಗೆ ಮಾತ್ರ ಪುಕ್ಕಟೆ

ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೊರಟ ಅಜ್ಜನಿಗೆ 75 ತುಂಬಿದ್ದರೆ ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. 2022ರ ಆಗಸ್ಟ್ 26ರಿಂದ ಮಹಾರಾಷ್ಟ್ರ ಈ ಸವಲತ್ತು ಕೊಟ್ಟಿದೆ. ಅದೇ ಅಜ್ಜ ಬಸವಕಲ್ಯಾಣದ ಬೀಗರ ಮನೆಗೆ ಹೊರಟರೆ ರಾಜ್ಯದ ಗಡಿಯಿಂದಾಚೆಗೆ ಜೇಬಿಗೆ ಕೈ ಹಾಕಬೇಕು. ಕರ್ನಾಟಕದ ಬಸ್ಸು ಹತ್ತಿದರೂ ಲಾಭವಿಲ್ಲ. 60 ದಾಟಿದವರಿಗೆ ಅಲ್ಲಿರುವ ಶೇ 25ರ ರಿಯಾಯಿತಿ ಕರ್ನಾಟಕದ ನಿವಾಸಿಗಳಿಗಷ್ಟೆ. ಮನೆಮಾತು ಕನ್ನಡವಾದರೇನು, ಆಧಾರ್ ಕಾರ್ಡಿನ ವಿಳಾಸ ಮಹಾರಾಷ್ಟ್ರದ್ದು.

ಈಗ ಮಹಾರಾಷ್ಟ್ರದಲ್ಲಿರುವ ನಿಲಂಗಾ, ಉದಗೀರ್ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಅಲ್ಲಿನ ಎಂಬತ್ತರ ಹಿರಿಯರು ಊರು ಬಿಡದೆಯೇ ರಾಜ್ಯ ಬದಲಿಸಿದವರು.

ಇಂಥ ನಿಯಮಗಳನ್ನು ಯಾವ ಕಚೇರಿಯೂ ಮನೆಗೆ ಬಂದು ಹೇಳುವುದಿಲ್ಲ. ಆ ಕೆಲಸ ಬೀಳುವುದು ಜ್ಯೇಷ್ಠ ನಾಗರಿಕ ಸಂಘಗಳ ಮೇಲೆ. ಮಹಾರಾಷ್ಟ್ರದಲ್ಲಿ ಇವುಗಳ ಒಕ್ಕೂಟ ‘ಫೆಸ್ಕಾಂ’ 1980ರಲ್ಲಿ ಹುಟ್ಟಿತು. ‘ಮನೋಯುವಾ’ ಅದರ ಮರಾಠಿ ಪತ್ರಿಕೆ. ಮರಾಠಿ ಶಾಲೆಯಲ್ಲಿ ಕಲಿತು ಮನೆಯಲ್ಲಿ ಕನ್ನಡ ಆಡುವವರಿಗೆ ಅದನ್ನು ಓದುವುದು ಕಷ್ಟವಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಮಾತ್ರ ಯಾರಾದರೂ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಬೇಕು.

ಒಟ್ಟಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಾಕರಾ ಪ್ರಕರಣ ನೋಡಬೇಕು. 1979ರ ಮಾರ್ಚ್ 31ಕ್ಕಿಂತ ಮೊದಲು ನಿವೃತ್ತರಾದ ಕೇಂದ್ರ ನೌಕರರಿಗೆ ಹೆಚ್ಚಿದ ಪಿಂಚಣಿ ಇಲ್ಲ ಎಂದು ಸರ್ಕಾರ ಗೆರೆ ಎಳೆದಿತ್ತು. ಡಿ.ಎಸ್. ನಾಕರಾ ಮತ್ತಿತರರ ಜೊತೆ ಎಚ್.ಡಿ. ಶೌರಿಯವರ ‘ಕಾಮನ್ ಕಾಸ್’ ಸಂಸ್ಥೆಯೂ ಸುಪ್ರೀಂ ಕೋರ್ಟಿಗೆ ಹೋಯಿತು. 1982ರ ಡಿಸೆಂಬರ್ 17ರಂದು ನ್ಯಾಯಾಲಯ ಆ ಗೆರೆ ಅಳಿಸಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದಿತು. ಪಿಂಚಣಿದಾರರ ಸಂಘಗಳು ಇಂದಿಗೂ ಡಿಸೆಂಬರ್ 17 ಅನ್ನು ತಮ್ಮ ದಿನವಾಗಿ ಆಚರಿಸುತ್ತವೆ.

ಅಮೆರಿಕದ ಹಿರಿಯರ ಸಂಘಟನೆ ‘ಎಎಆರ್‌ಪಿ’ಯದು ಬೇರೆಯೇ ಗಾತ್ರ. ನಿವೃತ್ತ ಮುಖ್ಯೋಪಾಧ್ಯಾಯಿನಿ ಎಥೆಲ್ ಪರ್ಸಿ ಆಂಡ್ರಸ್ 1958ರಲ್ಲಿ ಕಟ್ಟಿದ ಸಂಸ್ಥೆ ಅದು. ವಯಸ್ಸಾದವರಿಗೆ ಆರೋಗ್ಯ ವಿಮೆ ಕೊಡಲು ಕಂಪನಿಗಳು ಒಪ್ಪದಿದ್ದ ಕಾಲದಲ್ಲಿ ನಿವೃತ್ತ ಶಿಕ್ಷಕರಿಗೆ ಸಾಮೂಹಿಕ ವಿಮೆ ಕೊಡಿಸಿದ್ದು ಆಕೆಯೇ. ಇಂದು ಸಂಸ್ಥೆಯ ಪತ್ರಿಕೆ 2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗುತ್ತದೆ. ಜೊತೆಗೆ ವಿಮೆಯ ವ್ಯವಹಾರವೂ ನಡೆಯುವುದರಿಂದ ಟೀಕೆ ತಪ್ಪಿಲ್ಲ.

ನಮ್ಮ ಸಂಘಗಳಿಗೆ ಆ ಆರೋಪ ತಟ್ಟದು, ಗಲ್ಲಾಪೆಟ್ಟಿಗೆಯೇ ಹಗುರ. ಅವುಗಳ ಕೊರತೆ ಬೇರೆ: ಎದ್ದು ಕಾಣುವವರು ನಿವೃತ್ತ ಮೇಷ್ಟ್ರುಗಳು, ಗುಮಾಸ್ತರು. ಜೀವಮಾನವಿಡೀ ಹೊಲದಲ್ಲಿ ದುಡಿದು, ಮಹಾರಾಷ್ಟ್ರ ಸರ್ಕಾರದ ಶ್ರಾವಣಬಾಳ ಯೋಜನೆಯ ಮಾಸಾಶನಕ್ಕೆ ಕಾಯುವವರಿಗೆ ನಿವೃತ್ತಿ ಎಂಬುದೇ ಇಲ್ಲ. ಸಂಘದ ಅಗತ್ಯ ಹೆಚ್ಚಿರುವುದು ಅವರಿಗೇ.

ಗಡಿಯ ಎರಡೂ ಬದಿಗೆ ಒಂದೇ ಆಗಿರುವುದು 14567, ಹಿರಿಯರ ಸಹಾಯವಾಣಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಕರೆ ಉಚಿತ.